ಕುಂಡೆಕುಸ್ಕದ ಪಕ್ಕ ಬಿದ್ದ ನೆರಳು

ಬಯಲುಸೀಮೆಯ ಸಂಶಿಗೆ ಬಂದ ಮೊದಲ ಬೆಳಿಗ್ಗೆ ಮಾಳಿಗೆ ಹತ್ತಿದವಳು ಸುತ್ತ ನೋಡಿದೆ. ಕಣ್ಣು ಹಾಯುವಷ್ಟು ದೂರ ಬರೀ ಕರಿಮಣ್ಣು. ಅಡ್ಡಕ್ಕೆ ಒಂದು ತೆಂಗಿನಮರವೂ ಇಲ್ಲ. ನಮ್ಮ ಕುಂದಾಪುರದ ಸಮುದ್ರವೂ ಹೀಗೇ ಖಾಲಿ, ಆದರೆ ಅದು ಸದ್ದಾದರೂ ಮಾಡುತ್ತದೆ. ಬ್ಯಾಂಕಿನ ವರ್ಗಾವಣೆಯನ್ನು ಶಪಿಸುತ್ತಾ ಕೆಳಗಿಳಿದೆ.

ಕುಚ್ಚಲಕ್ಕಿ ಉಂಡ ಗಂಟಲಲ್ಲಿ ಜೋಳದ ರೊಟ್ಟಿ ಇಳಿಯಲು ತಿಂಗಳುಗಳೇ ಬೇಕಾದವು. ಇಲ್ಲಿಯವರ ಮಾತು ನನಗೆ ಜಗಳದಂತೆ ಕೇಳುತ್ತಿತ್ತು. ನನ್ನ ಮಾತು ಅವರಿಗೆ ನಗೆ ತರಿಸುತ್ತಿತ್ತು. ರಜೆಯ ದಿನ ಮಾತಿಗೆ ಯಾರೂ ಇಲ್ಲದೆ, ಹಕ್ಕಿಗಳ ಚಿತ್ರ ತೆಗೆಯಲು ಕ್ಯಾಮೆರಾ ಹಿಡಿದೆ. ಮನೆಯ ಮಾಲೀಕರಾದ ಬಸಣ್ಣ ಕಾಕಾ ತಮ್ಮ ಎರಿ ಹೊಲಕ್ಕೆ, ಅಂದರೆ ಕರಿಮಣ್ಣಿನ ಹೊಲಕ್ಕೆ, ಬೈಕಿನಲ್ಲಿ ಕರೆದೊಯ್ಯುತ್ತಿದ್ದರು. ಕ್ಯಾಮೆರಾ ಎತ್ತಿದೊಡನೆ ಅತ್ತ ಸರಿದು ನಿಲ್ಲುತ್ತಿದ್ದರು.

"ನನ್ನ ಮಾರಿ ನೋಡಿ ಹಕ್ಕಿ ಹಾರಿದ್ರ ನೀವು ನನಗ ಬೈತೀರಿ ಅಕ್ಕಾರ."

ಸಂಜೆ ಅವರ ಪಡಸಾಲೆಯಲ್ಲಿ ಕುಳಿತು, ಪುಸ್ತಕ ತಿರುವಿ, ಪ್ರತಿ ಚಿತ್ರಕ್ಕೂ ಹಕ್ಕಿಯ ಹೆಸರು, ಸ್ಥಳ ಬರೆಯುತ್ತಿದ್ದೆ. ಕಾಕಾ, ಅವರ ಹೆಂಡತಿ ನೀಲವ್ವ ಕಾಕು ಇಬ್ಬರೂ ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದರು. ಊರಿನವರಿಗಿಂತ ಮೊದಲು ನನಗೆ ಊರಿನ ಹಕ್ಕಿಗಳ ಪರಿಚಯವಾಯಿತು.

ಈ ಮಳೆಗಾಲ ಎದೆನೋವೆಂದು ಮಲಗಿದ ಕಾಕಾ ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಕಾಕು ನನ್ನ ಕೋಣೆಗೆ ಬಂದರು.

"ಇಷ್ಟೊಂದ ಫೋಟೋ ತಗದೀಯಲ್ಲವಾ, ಅದ್ರಾಗ ಅವ್ರದೊಂದ ಇರ್ಬೇಕಲ್ಲ? ಗ್ವಾಡಿಗೆ ಹಾಕಾಕ ಬೇಕು. ಆಧಾರ್ ಕಾರ್ಡಿನ್ಯಾಗ ಅವ್ರು ಅವ್ರಂಗ ಕಾಣೂದಿಲ್ಲ."

ಒಂದೊಂದಾಗಿ ನೋಡಿದೆವು. ಗೀಜಗ, ನೀಲಕಂಠ, ಎಕ್ಕದ ಗಿಡದ ಮೇಲಿನ ಚಿಟ್ಟೆ, ಎಲ್ಲಕ್ಕೂ ಹೆಸರಿತ್ತು. ಕಾಕಾ ಎಲ್ಲಿಯೂ ಇರಲಿಲ್ಲ. ಪುಣ್ಯಾತ್ಮ ಪ್ರತಿ ಸಲವೂ ಸರಿದು ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಕೊನೆಗೆ ಎಳ್ಳಮಾವಾಸ್ಯೆಯ ಚಿತ್ರ ಬಂತು. ಅಂದು ಇಲ್ಲಿ ಚರಗ ಚೆಲ್ಲುತ್ತಾರೆ: ಭೂಮಿಯನ್ನು ಪೂಜಿಸಿ, ಕಡುಬು, ಅನ್ನ ಎರಚುತ್ತಾ ಹೊಲ ಸುತ್ತುತ್ತಾರೆ. ಕಡಲೆ ಸಾಲುಗಳ ನಡುವೆ ಬಾಲ ಕುಣಿಸುವ ಬಿಳಿ ಕುಂಡೆಕುಸ್ಕ ಹಕ್ಕಿ. ಅದರ ಪಕ್ಕ ನೆಲದ ಮೇಲೆ, ಬುಟ್ಟಿ ಹಿಡಿದು ಎರಚುತ್ತಿರುವ ಗಂಡಸಿನ ನೆರಳು.

ಕಾಕು ಕನ್ನಡಕ ಏರಿಸಿ ಬಗ್ಗಿದರು.

"ಕೈ ಹೆಗಲ ಮಟಾ ಅಷ್ಟ ಎದ್ದೈತಿ ನೋಡು. ಬಂಡಿ ಮ್ಯಾಲಿಂದ ಬಿದ್ದಾಗಿಂದ ಅದಕ್ಕಿಂತ ಮ್ಯಾಲೆ ಏಳ್ತಿದ್ದಿಲ್ಲ. ಇವ್ರ ಅದಾರವಾ. ದೊಡ್ಡದ ಮಾಡಿಸಿ ಕೊಡು. ಹಕ್ಕಿ ಹೆಸರಿನ ಕೆಳಗ ಇವ್ರ ಹೆಸರೂ ಬರಿ."

ಬರೆದುಕೊಟ್ಟೆ. ಪಡಸಾಲೆಯ ಗೋಡೆಯ ಮೇಲೆ ಈಗ ಆ ಹಕ್ಕಿಗೂ ಸೇರಿಯೇ ಹಾರ ಬೀಳುತ್ತದೆ.

ಬೇಡಿ ಬೇಡಿ ಸಾಕಾಗಿದ್ದ ಕುಂದಾಪುರದ ವರ್ಗಾವಣೆ ಕಳೆದ ವಾರ ಸಿಕ್ಕಿತು. ಅಮ್ಮ ಫೋನಿನಲ್ಲೇ ಮೀನಿನ ಸಾರಿನ ಮಾತೆತ್ತಿದರು. ಹೋಗುವ ಆಸೆಯಿದೆ, ಗಂಟುಮೂಟೆ ಕಟ್ಟಲು ಮಾತ್ರ ಕೈ ಬರುತ್ತಿಲ್ಲ. ಅದೇ ಚಿತ್ರದ, ಹೆಸರು ಬರೆಯದ ಇನ್ನೊಂದು ಪ್ರತಿ ನನ್ನ ಹತ್ತಿರವೂ ಇದೆ. ಕುಂದಾಪುರದ ಮನೆಯಲ್ಲಿ ತೂಗುಹಾಕಿದರೆ, ಬಂದವರು ಹಕ್ಕಿ ಯಾವುದೆಂದಷ್ಟೇ ಕೇಳುತ್ತಾರೆ.