ಹಳ್ಳದ ಈಚೆ ಇಟ್ಟ ಕಲ್ಲು

ಮಕ್ಕಳೇ, ಭೀಮವ್ವ ದಾರಿ ತಪ್ಪು ಹೇಳಲಿಲ್ಲ. ಕಲ್ಲನ್ನು ಸರಿಸಿದವಳು ನಾನು — ಅವಳ ಮೇಲಿನ ಹೊಟ್ಟೆಕಿಚ್ಚಿಗೆ, ತಿಳಿದೂ ತಿಳಿದೂ.

ಭೀಮವ್ವ ನನ್ನ ಮೈದುನನ ಹೆಂಡತಿ, ನಿಮ್ಮಲ್ಲಿ ಅರ್ಧ ಮಂದಿಗೆ ಸ್ವಂತ ಅಜ್ಜಿ. ಅಕ್ಷರ ಬರುತ್ತಿರಲಿಲ್ಲ. ವರ್ಷಕ್ಕೆ ಆರು ತಿಂಗಳು ಕುರಿಗಳ ಹಿಂದೆ ಸೊಲ್ಲಾಪುರದ ಕಡೆಯಿಂದ ಅಕ್ಕಲಕೋಟೆಯ ಆಚೆವರೆಗೂ ನಡೆಯುವವಳು. ನಾನು ಊರ ಕನ್ನಡ ಸಾಲಿಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಮರಾಠಿಯನ್ನೂ ಅಕ್ಷರ ಕೂಡಿಸಿ ಓದುತ್ತಿದ್ದೆ. ಮನೆಗೆ ಬಂದ ಕಾಗದ, ಔಷಧದ ಚೀಟಿ, ಏನಿದ್ದರೂ ನನ್ನ ಕೈಗೇ. ನಾಚಿಕೆಯವಳು ನಾನು, ನಾಲ್ಕು ಮಂದಿಯೊಳಗೆ ಬಾಯಿ ಬಿಡಲಾರೆ. ಆದರೆ ನಾನು ಓದುವಾಗ ಎಲ್ಲರೂ ಸುಮ್ಮನಾಗುತ್ತಿದ್ದರು — ನನಗಿದ್ದ ಮಾನ ಅದೊಂದೇ.

ಅಂಥ ಮನೆಗೆ ಮಾಸ್ತರರು ಬಂದರು. ಅವರು ಯಹೂದಿ ಜನರ ಗುರು. ಅಂಥವರಿಗೆ ರಬ್ಬಿ ಎನ್ನುತ್ತಾರಂತೆ. ಕೊಂಕಣದಲ್ಲಿ ಎಣ್ಣೆಗಾಣ ನಡೆಸುವ ಯಹೂದಿಗಳ ಮನೆಯಲ್ಲಿ ಹುಟ್ಟಿ, ದೂರದೇಶದಲ್ಲಿ ಧರ್ಮ ಕಲಿತು, ಪುಣೆಗೆ ಮರಳಿದ್ದರು. ಹಿಂದಿನ ಕಾಲದಲ್ಲಿ ಯಾವ ಊರು ಎಲ್ಲಿತ್ತು, ಯಾವ ದಾರಿ ಎಲ್ಲಿ ಹಾಯುತ್ತಿತ್ತು ಎಂದು ಹುಡುಕುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. “ನಮ್ಮವರು ನೆಲ ಕಳಕೊಂಡು, ಊರಿನ ಹೆಸರಷ್ಟೇ ಹಿಡಕೊಂಡು ಎರಡು ಸಾವಿರ ವರ್ಷ ಬಾಳಿದರು,” ಎಂದು ನಿಮ್ಮ ಅಜ್ಜನಿಗೆ ಹೇಳುತ್ತಿದ್ದರು. ಅವರಿಗೆ ಸೊಲ್ಲಾಪುರ, ಅಕ್ಕಲಕೋಟೆ ನಡುವಿನ ಹಳೆಯ ವ್ಯಾಪಾರದ ದಾರಿ ಬೇಕಿತ್ತು. ಕುರಿ ಕಾಯುವವರು ಇನ್ನೂ ಅದೇ ದಾರಿ ಹಿಡಿಯುತ್ತಾರೆಂದು ಕೇಳಿ, ವಳಸಂಗದಲ್ಲಿ ಬಸ್ಸಿಳಿದು ನಮ್ಮ ವಸ್ತಿಗೆ ನಡೆದು ಬಂದಿದ್ದರು.

ಶನಿವಾರ ಅವರ ವ್ರತ. ಪ್ರಯಾಣವಿಲ್ಲ, ಬರವಣಿಗೆಯಿಲ್ಲ. ಭೀಮವ್ವನಿಗೆ ಬಿಡುವು ಸಿಕ್ಕದ್ದೂ ಅಂದೇ. ಅಂಗಳದಲ್ಲಿ ಕೂತು, ಹಳ್ಳಕ್ಕೆ ಬೂದಿಯ ಗೆರೆ ಎಳೆದು, ಕುರಿ ತಂಗುವ ಒಂದೊಂದು ಜಾಗಕ್ಕೂ, ದಾರಿಯ ಹಳೆಯ ಬಾವಿಗೂ ಒಂದೊಂದು ಕಲ್ಲಿಟ್ಟು ದಾರಿ ತೋರಿಸಿದಳು.

“ಬರಕೋರಿ ಮಾಸ್ತರ, ಮರತ್ ಹೋಗ್ತೀರಿ.”

“ಇವತ್ತ ನನಗ ದೇವರ ಸೂಟಿ, ಭೀಮವ್ವಾ.”

“ಪುಣ್ಯವಂತ್ರು ಬಿಡ್ರಿ! ನಮ್ಮ ದೇವ್ರು ಬೀರಪ್ಪ ಕುರಿಗಿ ಒಂದಿನಾನೂ ಸೂಟಿ ಕೊಟ್ಟಿಲ್ಲ.”

ಎಲ್ಲರೂ ನಕ್ಕರು. ನಾನು ಬಾಗಿಲ ಮರೆಯಿಂದ, ಹೇಗೋ ಧೈರ್ಯ ಮಾಡಿ, “ನಾ ಬರಕೋತೀನ್ರಿ,” ಎಂದೆ.

“ಬ್ಯಾಡ ತಂಗಿ. ನನ್ನ ಸಲುವಾಗಿ ಮತ್ತೊಬ್ಬರೂ ಇವತ್ತ ಬರಿಬಾರ್ದು.”

ಅದು ಅವರ ನೇಮ. ಈಗ ತಿಳಿಯುತ್ತದೆ. ಆಗ ಕಂಡದ್ದು ಇಷ್ಟೇ: ಅಷ್ಟು ಓದಿದ ಮನುಷ್ಯ ನನ್ನ ಅಕ್ಷರ ಬೇಡವೆಂದು, ಮಣ್ಣಲ್ಲಿ ಕೂತು ಭೀಮವ್ವನಿಗೆ ಕೈ ಮುಗಿದು, “ನೀವು ನನ್ನ ಗುರು,” ಎಂದರು.

ಮಧ್ಯಾಹ್ನ ಭೀಮವ್ವ ಕುರಿ ಹೊಡೆದುಕೊಂಡು ಹೋದಳು. ಮಾಸ್ತರರು ಬೇವಿನ ಕೆಳಗೆ ಪ್ರಾರ್ಥನೆಗೆ ನಿಂತರು. ಸಂಜೆ ಮೂರು ಚುಕ್ಕೆ ಮೂಡಿ ವ್ರತ ಮುಗಿದ ಮೇಲೆ ಆ ಕಲ್ಲುಗಳನ್ನು ನೋಡಿ ನಕ್ಷೆ ಬರೆಯುವವರಿದ್ದರು. ನಾನು ಅಂಗಳಕ್ಕಿಳಿದು, ಹಳೆಯ ಬಾವಿಗೆಂದು ಆಕೆ ಇಟ್ಟಿದ್ದ ಕಲ್ಲನ್ನು ಹಳ್ಳದ ಆಚೆಯಿಂದ ಎತ್ತಿ ಈಚೆಗಿಟ್ಟೆ. ಒಂದು ಗೇಣು, ಅಷ್ಟೇ. ಅವರು ಅದನ್ನೇ ಬರೆದುಕೊಂಡು ಮರುದಿನದ ಬಸ್ಸಿಗೆ ಹೋದರು.

ಎರಡು ವರ್ಷಕ್ಕೆ ಮರಾಠಿಯಲ್ಲಿ ಪುಸ್ತಕ ಬಂತು. ಭೀಮವ್ವ ಕೈಕಾಲು ತೊಳೆದು ಬಂದು ನನ್ನೆದುರು ಕೂತಳು. “ನನ್ನ ಹೆಸರು ಅದ ಏನ, ಅಕ್ಕಾ? ಓದ.”

ಇತ್ತು. ಆಕೆ ಕುರಿಗಳ ಹಿಂದೆ ಹೋಗಿದ್ದಾಗ ಮತ್ತೊಮ್ಮೆ ಬಂದು ಹಳ್ಳದ ಈಚೆ ದಡವೆಲ್ಲ ಹುಡುಕಿ ಬಾವಿ ಸಿಗದೆ, ಇಲ್ಲಿ ಭೀಮವ್ವನ ನೆನಪನ್ನು ನಂಬಲಾಗದು ಎಂದು ಮಾಸ್ತರರು ಬರೆದಿದ್ದರು. ಆ ಸಾಲನ್ನು ಆಕೆಗೆ ಎರಡು ಸಲ ಓದಿ ಹೇಳಿದೆ. ಯಾವ ದಡದಲ್ಲಿ ಹುಡುಕಿದರು ಎಂಬುದನ್ನು ಮಾತ್ರ ಓದಲಿಲ್ಲ.

“ಹಂಗಾರ ನಾನೇ ತಪ್ಪಿರಬೇಕ,” ಎಂದು ಎದ್ದು ಹೋದಳು. ಆಮೇಲೆ ಕುರಿ ಹೊಡೆಯುವ ಹುಡುಗರು ದಾರಿ ಕೇಳಿದರೆ, “ನನಗೇನ್ ಗೊತ್ತಪಾ, ಬ್ಯಾರೇದವ್ರನ್ನ ಕೇಳ್ರಿ,” ಅನ್ನುತ್ತಿದ್ದಳು. ನನಗೆ ಸಂತೋಷವಾಯಿತೇ? ಆಯಿತು — ಕೆಲವು ದಿನ.

ಭೀಮವ್ವ ತೀರಿದ ಮರುವರ್ಷ ಮಾಸ್ತರರು ಕೋಲೂರಿಕೊಂಡು ಬಂದರು. ಯಾವುದೋ ಹಳೆಯ ದಫ್ತರ ಓದಿ, ಆಚೆ ದಡದ ಜಾಲಿಯ ಮರೆಯಲ್ಲಿ ಬಾವಿಯನ್ನು ಕಂಡಿದ್ದರು. ಅಂದು ಸಂಜೆಯ ಮಬ್ಬು ಬೆಳಕಿನಲ್ಲಿ ತಾನೇ ತಪ್ಪಾಗಿ ಬರೆದುಕೊಂಡೆನೆಂದು ಭಾವಿಸಿ, ಭೀಮವ್ವನ ಕ್ಷಮೆ ಕೇಳಲು ಬಂದಿದ್ದರು. ಆಕೆ ಇಲ್ಲವೆಂದು ತಿಳಿದು, ಸಮಾಧಿ ಎಲ್ಲಿದೆ ಎಂದು ಕೇಳಿದರು. ಸತ್ತವರಿಗೆ ಅನ್ಯಾಯ ಮಾಡಿದ್ದರೆ, ಹತ್ತು ಮಂದಿಯನ್ನು ಕರೆದೊಯ್ದು ಸಮಾಧಿಯ ಮುಂದೆ ಒಪ್ಪಿಕೊಳ್ಳಬೇಕು — ಅದು ಅವರ ಧರ್ಮ. ಒಂಬತ್ತು ಮಂದಿ ಕೂಡಿದರು. “ತಂಗಿ, ನೀವೂ ಬರ್ರಿ,” ಎಂದರು. ಹತ್ತನೆಯವಳು ನಾನು.

“ಭೀಮವ್ವಾ, ನೀವು ಖರೆ ಹೇಳಿದ್ರಿ. ತಪ್ಪು ನಂದು,” ಎಂದು ಆ ಮುದುಕರು ಎಲ್ಲರೆದುರು ಅತ್ತರು. ನಾನು ಬಾಯಿ ತೆರೆಯಲಿಲ್ಲ. ನಾಚಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಸತ್ತ ಮೇಲೂ ಆಕೆಗೇ ಆ ಮಾನ ಸಿಕ್ಕಿತಲ್ಲ ಎಂದು ಒಳಗೆ ಉರಿಯುತ್ತಿತ್ತು.

ಈಗ ಮಾಸ್ತರರೂ ಇಲ್ಲ. ಮತ್ತೆ ಅಚ್ಚಾದ ಪುಸ್ತಕದಲ್ಲಿ ತಪ್ಪು ಅವರ ಹೆಸರಿಗೇ ಇದೆ.

ಎರಡೂ ಕಡೆಯ ಮೊಮ್ಮಕ್ಕಳು ಸೇರಿ ನೀವು ಹನ್ನೊಂದು ಮಂದಿ. ಬರುವ ಸೋಮವಾರ ಭೀಮವ್ವನ ಸಮಾಧಿಗೆ ಬನ್ನಿ. ಹತ್ತು ಮಂದಿ ಸಾಕು. ಸಿಟ್ಟು ಬಂದು ಒಬ್ಬರು ಬರದಿದ್ದರೂ ನಡೆಯುತ್ತದೆ. ಈ ಕಾಗದ ಮನೆಯಲ್ಲೇ ಇರಲಿ. ಅಲ್ಲಿ ನಾನು ಓದುವುದಿಲ್ಲ — ಬಾಯಿಬಿಟ್ಟು ಹೇಳುತ್ತೇನೆ.