ಸ್ಟೂಲಿನ ಕಾಲಿಗೊಂದು ಮಣೆ

ಬಾತಿ ದಾಟಿದ ಮೇಲೆ ಹರಿಹರದ ರಸ್ತೆಗೆ ಹೊಂದಿಕೊಂಡು ಅಪ್ಪನ ಮರಗೆಲಸದ ಶೆಡ್ಡು ಇದೆ. ಓದು ಮುಗಿಸಿದ ವರ್ಷ ನಾನು ದಾವಣಗೆರೆಯ ಮನೆಯಿಂದ ದಿನವೂ ಅಲ್ಲಿಗೆ ಹೋಗಿ ನಕ್ಷೆ ಬರೆದುಕೊಡುತ್ತಿದ್ದೆ. ಮಲೆಬೆನ್ನೂರಿನ ಶಾಲೆಯೊಂದಕ್ಕೆ ಸ್ಟೂಲುಗಳು ಬೇಕಾಗಿದ್ದವು. ಅವುಗಳ ಕಾಲು ಕೆಳಕ್ಕೆ ಹೋಗುತ್ತಾ ಸಣ್ಣಗಾಗಬೇಕು. ಅದಕ್ಕೆ ತುಂಡನ್ನು ಗರಗಸದ ಜಾರುವ ಮೇಜಿನ ಮೇಲೆ ಓರೆಯಾಗಿ ಹಿಡಿದು ಬ್ಲೇಡಿನತ್ತ ತಳ್ಳಬೇಕು. ಮೇಸ್ತ್ರಿ ಬರಿಗೈಯಲ್ಲೇ ಹಿಡಿಯುತ್ತಿದ್ದರು. ಹರಿಹರದಿಂದ ಬಸ್ಸಿನಲ್ಲಿ ಬರುವ ಅವರು ನಾನು ಹುಟ್ಟುವ ಮೊದಲಿನಿಂದಲೂ ಅಪ್ಪನ ಜೊತೆಗಿದ್ದವರು, ನನ್ನನ್ನು ತಾಯಿ ಎಂದೇ ಕರೆಯುತ್ತಿದ್ದರು.

ಆ ವಾರ ಮೇಸ್ತ್ರಿ ಕುಯ್ದ ಎರಡು ಕಾಲುಗಳು ಅಂಕುಡೊಂಕಾಗಿ ಬಂದವು. ಅಪ್ಪ ಅವನ್ನು ಬೆಳಕಿಗೆ ಹಿಡಿದು ನೋಡಿದರು. ಸಂಜೆ ಕಾರಿನಲ್ಲಿ ನನಗೆ ಮಾತ್ರ ಹೇಳಿದರು: “ಇನ್ನೊಂದ್ ಸಲ ಹಿಂಗಾದ್ರೆ ಅವ್ರನ್ನ ಪಾಲಿಶ್ ಕೆಲ್ಸಕ್ಕೆ ಹಾಕ್ತೀನಿ. ಬೆರಳು ಹೋದ್ಮೇಲೆ ಏನ್ ಮಾಡೋದೈತೆ?”

ಕೆಲವು ದಿನಗಳಿಂದ ಮೇಸ್ತ್ರಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದುದನ್ನು ನಾನು ನೋಡಿದ್ದೆ. ಅದನ್ನು ಹೇಳಲಿಲ್ಲ. ಪಾಲಿಶ್ ಕೆಲಸ ಶೆಡ್ಡಿಗೆ ಹೊಸದಾಗಿ ಸೇರಿದವರದು. ಅಲ್ಲಿಗೆ ಹಾಕಿದರೆ ಅವರು ಮರುದಿನ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಉಳಿಕೆ ಪ್ಲೈವುಡ್ಡಿನಲ್ಲಿ, ಕುಯ್ಯುವಾಗ ಕಾಲನ್ನು ಅಲುಗದಂತೆ ಹಿಡಿದಿಡಲು ಒಂದು ಮಣೆ ಮಾಡಿದೆ. ಕಾಲು ಬೇಕಾದ ಓರೆಯಲ್ಲಿ ಕೂರಲು ಬದಿಗೊಂದು ಪಟ್ಟಿ, ತುದಿಗೊಂದು ಅಡ್ಡಪಟ್ಟಿ, ಮೇಲಿಂದ ಒತ್ತಿ ಹಿಡಿಯಲು ಎರಡು ಕ್ಲಾಂಪು, ಕೈ ಬ್ಲೇಡಿನಿಂದ ಗೇಣು ದೂರ ಇರುವಂತೆ ತಳ್ಳಲು ಒಂದು ಹಿಡಿ. ಹಿಡಿಯನ್ನು ನನ್ನ ಅಂಗೈಯ ಅಳತೆಗೆ ಮಾಡಿದೆ. ಮೇಸ್ತ್ರಿಯ ಅಂಗೈಯ ಅಳತೆ ಕೇಳುವಂತಿರಲಿಲ್ಲ.

ಮೊದಲು ನಾನೇ ಕುಯ್ದು ನೋಡಿದೆ. ಮೂರು ಕಾಲು ಸರಿ ಬಂದವು. ನಾಲ್ಕನೆಯದರ ತುದಿ ಅಳತೆಗಿಂತ ಸಣ್ಣಗಾಯಿತು, ಐದನೆಯದರದು ಇನ್ನಷ್ಟು. ಲೆಕ್ಕವನ್ನು ಮತ್ತೆ ಮಾಡಿದೆ, ತಪ್ಪಿರಲಿಲ್ಲ. ಅಷ್ಟು ಹೊತ್ತು ಬೇರೇನೋ ಮಾಡುತ್ತಿದ್ದವರಂತೆ ನಿಂತಿದ್ದ ಮೇಸ್ತ್ರಿ ಬಂದು, ಎರಡು ಪಟ್ಟಿ ಕೂಡುವ ಮೂಲೆಯನ್ನು ಉಫ್ ಎಂದು ಊದಿದರು. ಒತ್ತಿ ಕೂತಿದ್ದ ಮರದ ಹೊಟ್ಟು ಹಾರಿತು. ಕಾಲನ್ನು ಬ್ಲೇಡಿನ ಕಡೆಗೆ ನೂಕಿದ್ದು ಆ ಹೊಟ್ಟು.

“ಎಲ್ಲಾ ಐತೆ ತಾಯಿ, ಹೊಟ್ಟು ಹೋಗಾಕ ದಾರಿ ಒಂದು ಬಿಟ್ಟಿಲ್ಲ ನೋಡ್ರಿ.”

ಉಳಿಯನ್ನು ನನ್ನ ಕೈಗೆ ಕೊಟ್ಟು, ಮೂಲೆಯಲ್ಲಿ ಎಲ್ಲಿ ಕಡಿಯಬೇಕೆಂದು ಉಗುರಿನಿಂದ ಗೀರಿ ತೋರಿಸಿದರು. ನಾನು ಅಲ್ಲಿ ಕಡಿದು ದಾರಿ ಮಾಡಿದ ಮೇಲೆ, ಉಳಿದ ಕಾಲುಗಳನ್ನೆಲ್ಲ ಅವರೇ ಮಣೆಯ ಮೇಲಿಟ್ಟು ಕುಯ್ದರು.

ಸಂಜೆ ಅಪ್ಪ ಬಂದು, ಇದೇನು ಹೊಸದು ಎಂದು ಕೇಳಿದರು.

“ತಾಯಿಗೆ ಬರಿಗೈಲಿ ಹಿಡಿಯಾಕ ಹೆದ್ರಿಕೆ,” ಎಂದರು ಮೇಸ್ತ್ರಿ. “ಅದಕ್ಕ ಮಾಡ್ಕೊಂಡಾರೆ. ಅವ್ರ ಮನ್ಸು ಯಾಕ ನೋಯಿಸ್ಲಿ ಅಂತ ನಾನೂ ಇದರಾಗೇ ಕುಯ್ದೆ.”

ಪಾಲಿಶ್ ಮಾಡುತ್ತಿದ್ದವರು ನಕ್ಕರು. ಅಪ್ಪ ನನ್ನನ್ನು ನೋಡಿದರು. ಹೌದು ಎಂದೆ. ಅವರು ಕಾಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಕೆಳಗಿಟ್ಟರು. ಕಾರಿನಲ್ಲಿ ಪಾಲಿಶ್ ಕೆಲಸದ ಮಾತು ಮತ್ತೆ ಬರಲಿಲ್ಲ.

ಮರುವಾರ ನೋಡಿದಾಗ ಮಣೆಯ ಹಿಡಿ ಬದಲಾಗಿತ್ತು. ತೇಗದ್ದು, ನುಣ್ಣಗೆ ಉಜ್ಜಿದ್ದು. ಹಿಡಿದು ನೋಡಿದೆ. ನನ್ನ ಬೆರಳುಗಳು ಅದರ ಸುತ್ತ ಕೂಡಲಿಲ್ಲ.