ಕಂಬಳಿ ಮೇಲೆ ನಿಂತು ಹೇಳಿದ ಸುಳ್ಳು

ಈ ಸಂಗತಿ ಬರೆಯುವುದನ್ನು ಬಹಳ ದಿನಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಈ ಅಂಕಣದಲ್ಲಿ ಮಳೆಯ ಬಗ್ಗೆ ಬರೆದೆ, ಬಸ್ಸಿನ ಬಗ್ಗೆ ಬರೆದೆ, ಚಳ್ಳಕೆರೆಯ ಧೂಳಿನ ಬಗ್ಗೆ ಮೂರು ಸಲ ಬರೆದೆ. ಇದೊಂದನ್ನು ಬರೆಯಲಿಲ್ಲ. ಯಾರಾದರೂ ಕೇಳಿದ್ದರೆ ಜಾಗ ಸಾಲಲಿಲ್ಲ ಎನ್ನಬಹುದಿತ್ತು. ನಿಜವಾಗಿ ಸಾಲದೇ ಹೋದದ್ದು ಧೈರ್ಯ.

ಹೋದ ಸೋಮವಾರ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಟೀವಿಯಲ್ಲಿ ಯಾವುದೋ ದೇಶದ ಮಂತ್ರಿ ದೆಹಲಿಗೆ ಬಂದಿಳಿಯುತ್ತಿದ್ದರು. ಕೆಂಪು ಹಾಸು, ಹೂಗುಚ್ಛ, ಕೈಕುಲುಕುವುದು, ಎಲ್ಲ ಇತ್ತು. ಹೋಟೆಲ್ ಬಸಣ್ಣ ಗಲ್ಲಾದಿಂದಲೇ ಕೂಗಿದ.

“ನೋಡ್ರೀ ಫಾರಿನ್ ಸೆಕ್ರೆಟ್ರೀ, ನಿಮ್ಮೋರು ಬಂದವ್ರೆ. ನೀವಿಲ್ಲೇ ಟೀ ಕುಡೀತಾ ಕುಂತೀರಲ್ರೀ!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ‘ಫಾರಿನ್ ಸೆಕ್ರೆಟ್ರಿ’ ಎಂಬ ಬಿರುದು ನಿಮಗೂ ಗೊತ್ತಿರಬಹುದು. ಉಣ್ಣೆ ನೂಲುವವರ ಸೊಸೈಟಿಯೊಂದರಲ್ಲಿ ನಾನು ಸೆಕ್ರೆಟರಿಯಾಗಿದ್ದೆ. ಒಮ್ಮೆ ಫಾರಿನ್‌ಗೂ ಹೋಗಿಬಂದೆ. ಎರಡೂ ಸೇರಿಸಿ ಊರಿನವರು ಹೆಸರಿಟ್ಟರು. (ಎಸ್ಸೆಸ್ಸೆಲ್ಸಿ ಓದಿದವನಿಗೆ ಇಷ್ಟು ದೊಡ್ಡ ಹುದ್ದೆ ಬೇರೆ ಎಲ್ಲಿ ಸಿಗುತ್ತದೆ?) ಹೇಗೆ ಹೋದಿರಿ ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಇವತ್ತು ಕೇಳದೆಯೇ ಹೇಳುತ್ತೇನೆ.

ತೊಂಬತ್ತರ ದಶಕದ ನಡುಭಾಗದ ಮಾತು. ದಕ್ಷಿಣ ಆಫ್ರಿಕಾದ ಜೊತೆ ನಮ್ಮ ದೇಶ ಮತ್ತೆ ಮಾತು ಶುರು ಮಾಡಿ ಹೆಚ್ಚು ದಿನವಾಗಿರಲಿಲ್ಲ. ಅದಕ್ಕೆ ಮೊದಲು ಎಷ್ಟೋ ವರ್ಷ ವ್ಯಾಪಾರ ಬಂದ್, ರಾಯಭಾರಿ ಬಂದ್. ಹಳೆಯ ಪಾಸ್‌ಪೋರ್ಟಿನಲ್ಲಿ ಆ ದೇಶಕ್ಕೆ ಹೋಗುವಂತಿಲ್ಲ ಎಂದೇ ಅಚ್ಚಾಗಿರುತ್ತಿತ್ತಂತೆ. ಅಲ್ಲಿ ಬಣ್ಣದ ಮೇಲೆ ಮನುಷ್ಯರನ್ನು ವಿಂಗಡಿಸುವ ಸರ್ಕಾರ ಹೋಯಿತು, ಇಲ್ಲಿ ಬಾಗಿಲು ತೆರೆಯಿತು. ಅವರು ಬರುವುದು, ಇವರು ಹೋಗುವುದು ಶುರುವಾಯಿತು.

ಆ ಓಡಾಟದಲ್ಲಿ ಒಂದು ತಂಡ ನಮ್ಮ ಕಡೆಗೂ ಬಂತು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೋಡುವುದು, ಚಳ್ಳಕೆರೆಯಲ್ಲಿ ಕಂಬಳಿ ನೋಡುವುದು, ಇದು ಕಾರ್ಯಕ್ರಮ. ಆ ದೇಶದಲ್ಲೂ ಕಂಬಳಿ ಹೊದ್ದು ತಿರುಗುವ ಜನ ಇದ್ದಾರೆ, ಒಳ್ಳೇ ವ್ಯಾಪಾರವಾಗಬಹುದು ಎಂದು ಬೆಂಗಳೂರಿನಿಂದ ಬಂದ ಅಧಿಕಾರಿ ಹೇಳಿದರು. ಅವರ ಹೆಸರು ಬೇಡ, ಸಾಹೇಬರು ಎನ್ನುತ್ತೇನೆ.

ಸಾಹೇಬರಿಗೆ ಕೆಂಪು ಹಾಸು ಬೇಕೇ ಬೇಕಿತ್ತು. ಇದ್ದದ್ದು ಒಂದೇ ಹಾಸು, ಭೇಟಿ ಎರಡು ಕಡೆ. ಮೊಳಕಾಲ್ಮೂರಿನಲ್ಲಿ ಅತಿಥಿಗಳು ಒಳಗೆ ಹೋದ ತಕ್ಷಣ ಹಾಸು ಸುತ್ತಿ, ವ್ಯಾನಿಗೆ ಹಾಕಿ, ಅವರಿಗಿಂತ ಮೊದಲು ಚಳ್ಳಕೆರೆಗೆ ತರಬೇಕೆಂಬುದು ಪ್ಲಾನು. ವ್ಯಾನು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಅತಿಥಿಗಳ ಕಾರು ಅದನ್ನು ದಾಟಿಕೊಂಡು ಬರುತ್ತಿತ್ತು.

“ಕಾರ್ಪೆಟ್ ಎಲ್ರೀ? ನೆಲದ ಮೇಲೆ ನಡೆಸ್ತೀರಾ ಅವರನ್ನ?” ಸಾಹೇಬರು ಬೆವರುತ್ತಿದ್ದರು.

ಆಗ ನನಗೊಂದು ಐಡಿಯಾ ಹೊಳೆಯಿತು. “ಕಂಬಳಿ ಐತಲ್ಲ ಸಾರ್!”

ನಮ್ಮದು ಅಂಗಡಿ ವ್ಯಾಪಾರದ ಮನೆತನ. ಕಂಬಳಿ ನನಗೆ ಮಾಲು. ಕುರಿ ಕಾಯುವ ಮನೆಗಳಲ್ಲಿ ಅದು ಬರೀ ಮಾಲಲ್ಲ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕರಿ ಕಂಬಳಿ ಹಾಸಿದರೆ ಅದೇ ಗದ್ದುಗೆ. ಜಗಳ ಬಂದರೆ ಹಿರಿಯರು ಕಂಬಳಿ ಹಾಸಿ ಕೂತು ಕೇಳುತ್ತಾರೆ. ಅದರ ಮೇಲೆ ಮೆಟ್ಟು ಹಾಕಿಕೊಂಡು ಹತ್ತುವಂತಿಲ್ಲ. ಅದರ ಮೇಲೆ ಸುಳ್ಳು ಆಡುವಂತಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಹದಿನೈದು ವರ್ಷ ಅವರ ನಡುವೆ ಕೆಲಸ ಮಾಡಿದವನಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಅಷ್ಟೆ. ನೆನಪಾಗಿದ್ದರೂ ಹಾಸುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಗೇಟಿನಿಂದ ಬಾಗಿಲವರೆಗೆ ಸಾಲಾಗಿ ಕರಿ ಕಂಬಳಿ ಹಾಸಿಸಿದೆ. ನೂಲುವ ಹೆಂಗಸರು ರಾಟೆ ಬಿಟ್ಟು ಹೊರಗೆ ಬಂದು ನಿಂತರು. ಆಮೇಲೆ ತಳಕಿನ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ಮುಂದೆ ಬಂದರು. ವಯಸ್ಸು ಐವತ್ತರ ಆಚೀಚೆ. ನಮ್ಮ ಸೊಸೈಟಿಯಲ್ಲಿ ಆಕೆಯಷ್ಟು ಸಣ್ಣಗೆ ನೂಲುವವರು ಇನ್ನೊಬ್ಬರಿರಲಿಲ್ಲ. ಸುತ್ತಲಿನ ಹಟ್ಟಿಗಳವರು ಹೆಣ್ಣುಮಕ್ಕಳನ್ನು ಕಲಿಯಲೆಂದು ಆಕೆಯ ಹತ್ತಿರ ಕಳಿಸುತ್ತಿದ್ದರು.

“ಸೆಕ್ರೆಟ್ರಪ್ಪಾ, ತೆಗೀರಿ ಅವನ್ನ.”

“ಸುಮ್ನಿರವ್ವಾ, ಕಾರ್ ಬಂತು.”

“ಬರ್ಲಿ ಬಿಡ್ರಿ. ಮಣ್ಣಾಗೆ ನಡದ್ರೆ ಅವ್ರ ಕಾಲೇನ್ ಸವೀತಾವಾ? ನಿಮ್ಮನೇ ದೇವ್ರ ಜಗಲಿ ಮ್ಯಾಲೆ ಮೆಟ್ ಹಾಕ್ಕೊಂಡು ಹತ್ತೀರೇನ್ರೀ ನೀವು?”

“ಆಮ್ಯಾಲೆ ಮಾತಾಡಾನ, ಒಳಗೆ ಹೋಗು.”

“ಒಳಗ್ಯಾಕೆ ಹೋಗ್ಲಿ?” ಎಂದವರೇ, ಚಪ್ಪಲಿ ಕಳಚಿ, ಮೂರನೆಯ ಕಂಬಳಿಯ ಮೇಲೆ ಹೋಗಿ ಕಾಲು ಮಡಚಿ ಕುಳಿತೇಬಿಟ್ಟರು. “ಈಗ ದಾಟ್ಲಿ ನೋಡ್ತೀನಿ.”

ಕಾರು ನಿಂತಿತು. ಮೂವರು ಇಳಿದರು. ಅವರಲ್ಲಿ ಮುಖ್ಯಸ್ಥೆ ಒಬ್ಬ ಹೆಂಗಸು, ಅಲ್ಲಿನ ವ್ಯಾಪಾರ ಇಲಾಖೆಯವರು. ಎತ್ತರದ ಆಳು. ಮೊದಲ ಕಂಬಳಿಯ ಹತ್ತಿರ ಬಂದು, ಕುಳಿತಿದ್ದವರನ್ನು ನೋಡಿ ನಿಂತರು. ಆಕೆ ಏನು ಹೇಳುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸಾಹೇಬರು ನನ್ನ ಮುಖ ನೋಡಿದರು.

ನಾನು ಎರಡನೆಯ ಕಂಬಳಿಯ ಮೇಲೆ ನಿಂತಿದ್ದೆ. ಬೂಟು ಹಾಕಿಕೊಂಡು. ಕಂಬಳಿಯ ಮೇಲೆ ಮೆಟ್ಟಿಡಬಾರದು ಎನ್ನುತ್ತಿದ್ದಾರೆ, ನಾನು ಮಾಡಿದ್ದು ತಪ್ಪು ಎಂದು ಹೇಳಲು ನನ್ನ ಇಂಗ್ಲಿಷ್ ಸಾಲುತ್ತಿತ್ತು.

“ಮೆಂಟಲ್, ಮೇಡಂ,” ಎಂದೆ. “ಲಿಟ್ಲ್ ಮೆಂಟಲ್.”

ನಮ್ಮ ಹೆಂಗಸರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ‘ಮೆಂಟಲ್’ ಎಂಬುದು ಇಂಗ್ಲಿಷೇ? ಚಳ್ಳಕೆರೆಯಲ್ಲಿ ಆ ಶಬ್ದ ತಿಳಿಯದವರು ಯಾರಿದ್ದಾರೆ? ಸಾಲಾಗಿ ನಿಂತಿದ್ದ ಅಷ್ಟೂ ಜನಕ್ಕೆ ಅರ್ಥವಾಯಿತು. ಕುಳಿತಿದ್ದವರಿಗೂ ಅರ್ಥವಾಯಿತು. ಅವರು ನನ್ನನ್ನೇ ನೋಡಿದರು.

ಅತಿಥಿ ಒಂದು ಕ್ಷಣ ಆಕೆಯನ್ನು, ಇನ್ನೊಂದು ಕ್ಷಣ ಕಳಚಿಟ್ಟ ಚಪ್ಪಲಿಗಳನ್ನು ನೋಡಿದರು. ಆಮೇಲೆ ಹಾಸನ್ನು ಬಿಟ್ಟು ಪಕ್ಕದ ಮಣ್ಣಿಗೆ ಇಳಿದು, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ತಡವರಿಸುತ್ತ ಬಾಗಿಲವರೆಗೆ ನಡೆದರು. ಮಿಕ್ಕವರೂ ಅವರ ಹಿಂದೆ ಮಣ್ಣಿನಲ್ಲೇ ಹೋದರು. ಕಂಬಳಿಯ ಮೇಲೆ ನಡೆದವರು ನಾನು ಮತ್ತು ಸಾಹೇಬರು, ಇಬ್ಬರೇ.

ಒಳಗೆ ಮೇಜಿನ ಮೇಲೆ ನೂಲಿನ ಉಂಡೆಗಳನ್ನಿಟ್ಟಿದ್ದೆವು. ಅತಿಥಿ ಒಂದನ್ನು ಕೈಗೆತ್ತಿಕೊಂಡು, ಎಳೆ ಬಿಚ್ಚಿ, ಬೆರಳಿನಲ್ಲಿ ಉಜ್ಜಿ ನೋಡಿದರು. ಯಾರದು ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಹೆಂಗಸರು ಬಾಗಿಲಾಚೆ ಕುಳಿತಿದ್ದ ಆಕೆಯ ಕಡೆ ಕೈ ತೋರಿಸಿದರು. ಮುಂದಿನ ವರ್ಷ ನಿಮ್ಮವರು ನಮ್ಮಲ್ಲಿಗೆ ಬರುವಾಗ ಇವರನ್ನು ಕರೆತನ್ನಿ, ನಮ್ಮ ನೂಲುವವರು ನೋಡಲಿ ಎಂದು ಅತಿಥಿ ಹೇಳಿದರು. ಸಾಹೇಬರು ಬರೆದುಕೊಂಡರು.

ಕಾರು ಹೋದ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು.

“ಏನ್ರೀ, ಮೆಂಟಲ್ ಅಂದ್ರಿ. ಫಾರಿನ್‌ಗೆ ಹೆಂಗ್ರೀ ಕಳ್ಸೋದು? ನಿಜಾನಾ ಅದು?”

ಮೊದಲನೆಯ ಸುಳ್ಳು ಗಾಬರಿಯಲ್ಲಿ ಬಂದದ್ದು ಎನ್ನೋಣ. ಈಗ ಗಾಬರಿ ಎಲ್ಲಿತ್ತು? ಟೀ ಕುಡಿದಾಗಿತ್ತು. ಫ್ಯಾನು ತಿರುಗುತ್ತಿತ್ತು. ‘ಇಲ್ಲ ಸಾರ್, ತಪ್ಪಾಯ್ತು’ ಎಂದಿದ್ದರೆ ಮುಗಿಯುತ್ತಿತ್ತು.

“ಹೂಂ ಸಾರ್. ಆಗಾಗ ಬರ್ತೈತೆ ಆಯಮ್ಮನಿಗೆ,” ಎಂದೆ.

“ಮತ್ತೆ ಯಾರ ಹೆಸರು ಹಾಕೋದು? ನೀವೇ ಹೋಗ್ಬನ್ನಿ.”

“ತಮ್ಮಿಷ್ಟ ಸಾರ್.”

ಹೀಗೆ ನಾನು ಫಾರಿನ್ ಸೆಕ್ರೆಟ್ರಿಯಾದೆ.

ದಕ್ಷಿಣ ಆಫ್ರಿಕಾದ ವ್ಯಾಪಾರ ಮೇಳದ ದೊಡ್ಡ ಹಾಲಿನಲ್ಲಿ ನಮ್ಮ ರಾಜ್ಯದ ಮಳಿಗೆ. ಮೇಲೆ ಎರಡು ದೇಶದ ಬಾವುಟ, ಕೆಳಗೆ ರಾಟೆ, ರಾಟೆಯ ಮುಂದೆ ನಾನು. ನೂಲುವವನು ಎಂದು ಎದೆಯ ಮೇಲೆ ಚೀಟಿ. ಯಾರೋ ದೊಡ್ಡವರು ಬಂದು ನೂಲಿ ತೋರಿಸಿ ಎಂದರು. ತಿರುಗಿಸಿದೆ, ಎಳೆ ಹರಿಯಿತು. ಮತ್ತೆ ತಿರುಗಿಸಿದೆ, ಮತ್ತೆ ಹರಿಯಿತು. ಮೂರನೆಯ ಸಲ ಉಣ್ಣೆಯೇ ಕದಿರಿಗೆ ಸುತ್ತಿಕೊಂಡಿತು. ದೊಡ್ಡವರು ಚಪ್ಪಾಳೆ ತಟ್ಟಿ ಮುಂದೆ ಹೋದರು. (ಸರ್ಕಾರಿ ಭೇಟಿಗಳಲ್ಲಿ ಎಲ್ಲಕ್ಕೂ ಚಪ್ಪಾಳೆಯೇ.)

ಎರಡನೆಯ ದಿನ ಆ ಎತ್ತರದ ಹೆಂಗಸು ಬಂದರು. ನನ್ನ ಹಿಂದೆ ಮುಂದೆ ನೋಡಿದರು.

“ಆ ತಾಯಿ ಎಲ್ಲಿ?”

“ಹುಷಾರಿಲ್ಲ ಮೇಡಂ.”

ಅವರು ನಿಧಾನವಾಗಿ, ನನಗೆ ಅರ್ಥವಾಗಲೆಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದರು: “ನಾನು ಕಂಬಳಿ ಮೆಟ್ಟಲಿಲ್ಲ ಎಂದು ಅವರಿಗೆ ಹೇಳಿ. ನಮ್ಮ ಅಜ್ಜಿಯೂ ಮೆಟ್ಟಗೊಡುತ್ತಿರಲಿಲ್ಲ.”

ಹೇಳುತ್ತೇನೆ ಎಂದೆ. ಇವತ್ತಿನವರೆಗೂ ಹೇಳಿಲ್ಲ.

ವಾಪಸ್ ಬಂದ ಮೇಲೆ ಅಲ್ಲಿಂದ ಕಂಬಳಿಗೆ ಆರ್ಡರು ಬಂತು. ಸಣ್ಣ ನೂಲು ಕಲಿಸಲು ಸೊಸೈಟಿಯಲ್ಲಿ ಒಂದು ಹುದ್ದೆ ಮಂಜೂರಾಯಿತು. ಅದು ಯಾರಿಗೆ ಸಲ್ಲಬೇಕೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ತಲೆ ಸರಿಯಿಲ್ಲ ಎಂದು ನಾನೇ ಹೇಳಿದವರನ್ನು ನಾನೇ ಹೇಗೆ ನೇಮಿಸಲಿ? ಸುಳ್ಳು ಹೇಳಿದ ಮೇಲೆ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕಲ್ಲ. ಬೇರೆಯವರ ಹೆಸರು ಬರೆದೆ. ಆ ಶಬ್ದ ನಾನು ವಾಪಸ್ ಬರುವ ಮೊದಲೇ ಹಟ್ಟಿ ಸೇರಿತ್ತು. ಹೆಣ್ಣುಮಕ್ಕಳನ್ನು ಆಕೆಯ ಹತ್ತಿರ ಕಳಿಸುವುದು ನಿಂತಿತು. ‘ಆಯಮ್ಮಂಗೆ ಮೆಂಟಲ್ ಅಂತೆ, ಸೆಕ್ರೆಟ್ರಪ್ಪನೇ ಹೇಳವ್ನೆ.’ ವರ್ಷದೊಳಗೆ ಅವರು ಸೊಸೈಟಿಗೆ ಬರುವುದನ್ನೇ ಬಿಟ್ಟರು. ಕುರಿಗಳ ಹಿಂದೆ ಹೋಗುತ್ತಾರೆ ಎಂದು ಯಾರೋ ಹೇಳಿದರು.

ಒಂದೇ ಒಂದು ಸಲ ಎದುರಾದರು. ಮೊಳಕಾಲ್ಮೂರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ, ಬಸ್ಸು ತಳಕಿನಲ್ಲಿ ನಿಂತಿತ್ತು. ಆಕೆ ಹತ್ತಿ ಬಂದು ನನ್ನ ಸೀಟಿನ ಪಕ್ಕದಲ್ಲೇ ಕಂಬಿ ಹಿಡಿದು ನಿಂತರು.

“ಚೆನ್ನಾಗಿದ್ದೀರಾ ಸೆಕ್ರೆಟ್ರಪ್ಪಾ? ಆ ದೇಶದಾಗೆ ಉಣ್ಣೆ ಹೆಂಗೈತೆ?”

“ಚೆನ್ನಾಗೈತವ್ವ. ಉದ್ದನೆ ಎಳೆ.”

“ಹಂಗಾ.” ಬಸ್ಸು ಹೊರಟಿತು. ಕೊಂಡ್ಲಹಳ್ಳಿಯ ಜನ ಒಂದಷ್ಟು ಅದರಲ್ಲಿದ್ದರು, ಎಲ್ಲರಿಗೂ ಕೇಳುವಂತೆ ಆಕೆ ಮತ್ತೆ ಕೇಳಿದರು: “ಮತ್ತೆ ನಂಗೆ ಹುಚ್ಚು ಬಿಡ್ತಾ, ಇನ್ನೂ ಐತಾ? ನೀವೇ ಹೇಳ್ಬೇಕು. ನೀವ್ ಕೊಟ್ಟಿದ್ದು, ನೀವೇ ವಾಪಸ್ ತಗೋಬೇಕು.”

ಒಬ್ಬಿಬ್ಬರು ನಕ್ಕರು. ನಾನೂ ನಕ್ಕೆ. ನೋಡಿ, ಅದೇ ನಗು. ಅದೊಂದು ನನಗೆ ಚೆನ್ನಾಗಿ ಬರುತ್ತದೆ. ಆಕೆ ನಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದು ಹೋದರು. ಬಸ್ಸು ನಿಂತಿತ್ತು. ನಾನೂ ಇಳಿಯಬಹುದಿತ್ತು. ಇಳಿಯಲಿಲ್ಲ.

ಎರಡು ದೇಶಗಳು ಅಷ್ಟು ವರ್ಷ ಮುಖ ತಿರುಗಿಸಿಕೊಂಡಿದ್ದವು. ಒಬ್ಬರು ಬಂದರು, ಇನ್ನೊಬ್ಬರು ಹೋದರು, ಮಾತಾಯಿತು, ವ್ಯಾಪಾರವಾಯಿತು. ಅದಕ್ಕೆ ಎಷ್ಟು ಫೈಲು, ಎಷ್ಟು ಮಂತ್ರಿಗಳು, ಎಷ್ಟು ವಿಮಾನ! ಚಳ್ಳಕೆರೆಯಿಂದ ತಳಕಿಗೆ ಪಾಸ್‌ಪೋರ್ಟು ಬೇಕೇ? ನಾನು ಸಮುದ್ರ ದಾಟಿದವನು. ತಳಕಿನ ಬಸ್ ಸ್ಟಾಪಿನಲ್ಲಿ ಇಳಿಯಲು ಈವರೆಗೆ ನನ್ನಿಂದ ಆಗಿಲ್ಲ.

ಇದನ್ನು ಬರೆದ ಮಾತ್ರಕ್ಕೆ ಕ್ಷಮೆ ಕೇಳಿದಂತಾಯಿತು ಎಂದು ನಾನು ತಿಳಿದಿಲ್ಲ. ಆಕೆಗೆ ಓದು ಬರುವುದಿಲ್ಲ. ಯಾರಾದರೂ ಓದಿ ಹೇಳಿ ಎಂದು ನಿಮ್ಮನ್ನು ಕೇಳುವುದೂ ಇಲ್ಲ, ಅದು ಇನ್ನೊಬ್ಬರ ಬಾಯಲ್ಲಿ ಹೇಳಿಸುವ ಮಾತಲ್ಲ. ಆದರೆ ನಾನು ಕೊಟ್ಟ ಆ ಶಬ್ದವನ್ನು ನಾಲ್ಕು ಜನರ ಮುಂದೆ ವಾಪಸ್ ತೆಗೆದುಕೊಳ್ಳಬೇಕಿತ್ತು. ಅಷ್ಟಾದರೂ ಇಲ್ಲಿ ಮಾಡುತ್ತೇನೆ.

ಆಕೆಯ ತಲೆ ಸರಿಯಾಗಿಯೇ ಇತ್ತು, ಆಕೆಯ ಹೆಸರು ಬೀರಮ್ಮ.